ಮೂಲೆ ಮಡಚಿದ ಚೀಟಿ

ಕಾಲೇಜುಗಳ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಯಾರಿಗೆ ಯಾರು ಎದುರು ಎಂಬುದನ್ನು ಗಣಪತಿಯ ಪಟದ ಮುಂದೆ ಚೀಟಿ ಎತ್ತಿ ಗೊತ್ತುಮಾಡುವುದು ವಾಡಿಕೆ. ಆ ವರ್ಷ ಚೀಟಿ ಬರೆಯುವ ಸರದಿ ಸಿದ್ದವೀರಯ್ಯ ಮೇಷ್ಟ್ರದು. ಅವರ ತಂಡದ ಗೋಲ್‌ಕೀಪರ್ ತಿಮ್ಮರಾಜುವಿಗೆ ಅದೇ ಕಡೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಪೊಲೀಸ್ ಕೆಲಸ ಸಿಕ್ಕೀತು ಎಂದು ಅವನು ಕಾದಿದ್ದ. ಮೇಷ್ಟ್ರು ಕೈಲಾಗದ ತಂಡಗಳ ಚೀಟಿಗೆಲ್ಲ ಮೂಲೆ ಮಡಚಿದರು. ಸ್ವಾಮಿಗೆ ಕೈಮುಗಿದು, ಆ ಮಡಚಿದ ಮೂಲೆ ಬೆರಳಿಗೆ ತಗಲುವವರೆಗೂ ತಡಕಿ, ತಮ್ಮ ತಂಡದ ಎದುರಾಳಿಗಳಿಗಾಗಿ ಒಂದೊಂದಾಗಿ ಐದು ಚೀಟಿ ಎತ್ತಿದರು.

"ಒಂದಾದ್ರೂ ಗಟ್ಟಿ ಟೀಮು ಬರಬಾರದಿತ್ತಾ ಸಾರ್?" ಎಂದ ತಿಮ್ಮರಾಜು.

"ಸುಮ್ನಿರೋ. ದೇವರು ಕೊಟ್ಟಿದ್ದನ್ನ ಕಣ್ಣಿಗೊತ್ಕೊ."

ಐದು ಪಂದ್ಯವನ್ನೂ ಗೆದ್ದರು. ತಿಮ್ಮರಾಜು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಆದರೆ ಆಯ್ಕೆಯ ಪಟ್ಟಿಯಲ್ಲಿದ್ದದ್ದು ಹನ್ನೊಂದು ಗೋಲು ಬಿಟ್ಟ ಇನ್ನೊಂದು ಕಾಲೇಜಿನ ಹುಡುಗನ ಹೆಸರು.

ಮೇಷ್ಟ್ರು ಆಯ್ಕೆಗಾರರ ಬಳಿಗೆ ಹೋದರು. "ಇದ್ಯಾವ ನ್ಯಾಯ ಸ್ವಾಮಿ?"

"ಆ ಹುಡುಗನಿಗೆ ಬಿದ್ದಿದ್ದೆಲ್ಲ ಹುಲಿಯಂಥ ತಂಡಗಳು. ಹನ್ನೊಂದು ಬಿಟ್ಟ, ನಲವತ್ತು ತಡೆದ. ನಿಮ್ಮ ಹುಡುಗನ ಕೈ ನೋಡೋಣ ಅಂದ್ರೆ ಅವನತ್ರ ಚೆಂಡೇ ಬರಲಿಲ್ವಲ್ಲ ಮೇಷ್ಟ್ರೇ."

ಮೈದಾನದ ಅಂಚಿನಲ್ಲಿ ತಿಮ್ಮರಾಜು ಮಣ್ಣೇ ಸೋಕದ ಕೈಗವಸನ್ನು ಬಿಚ್ಚುತ್ತಿದ್ದ. ಮೇಷ್ಟ್ರ ಮುಖ ನೋಡಿ ಅವನೇ ಸಮಾಧಾನ ಹೇಳಿದ.

"ಬಿಡಿ ಸಾರ್. ಚೀಟಿ ಎತ್ತಿಸಿದ್ದು ಆ ಗಣಪ. ನೀವೇನ್ ಮಾಡ್ತೀರಿ?"