ತಾನಾಗಿ ಏಳದ ಡೇಟಾಬೇಸ್

ನಮ್ಮ ನೋಂದಣಿ ಕಚೇರಿಯಲ್ಲಿ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಎಲ್ಲವೂ ತಾನಾಗಿ ಶುರುವಾಗುತ್ತಿತ್ತು, ಡೇಟಾಬೇಸ್ ಒಂದನ್ನು ಬಿಟ್ಟು. ದಿನಾ ಆಪರೇಟರ್ ಹುಡುಗಿ ಫೋನ್ ಮಾಡುವಳು, ಟೆಕ್ನಿಷಿಯನ್ ಬೈಕಿನಲ್ಲಿ ಹಾರಿ ಬಂದು ಅದನ್ನು ಎಬ್ಬಿಸುವನು, ಅವಳು ನಗುವಳು. ಸಂಜೆ ಎಲ್ಲ ಆಫ್ ಮಾಡಿ ಬೀಗ ಹಾಕುವ ಅಟೆಂಡರ್ ನಾನು. ಏಳು ತಿಂಗಳು ಇದನ್ನೇ ನೋಡಿದೆ.

ಆ ಶುಕ್ರವಾರ ಅವರಿಬ್ಬರೂ ಹಾರ ಹಾಕಿಕೊಂಡು ತಮ್ಮ ಮದುವೆಯನ್ನೇ ರಿಜಿಸ್ಟರ್ ಮಾಡಿಸಲು ಬಂದು ನಿಂತರು. ಹತ್ತೂವರೆಗೆ ರಾಹುಕಾಲ. ಹತ್ತೂಕಾಲಾದರೂ ಡೇಟಾಬೇಸ್ ಎದ್ದಿರಲಿಲ್ಲ.

“ಬೇಗ ಏನಾದ್ರೂ ಮಾಡ್ರಪ್ಪಾ!” ಹುಡುಗಿಯ ಅಜ್ಜಿ ಕೂಗಿದರು.

ಮದುಮಗ ಹಾರವನ್ನು ಬೆನ್ನಿಗೆ ಸರಿಸಿ ಕೀಬೋರ್ಡ್ ಮುಂದೆ ಕೂತ. ಎರಡೇ ನಿಮಿಷ. ಪರದೆ ಬೆಳಗಿತು, ಸಹಿ ಬಿತ್ತು, ಅಕ್ಷತೆ ಪ್ರಿಂಟರ್ ಮೇಲೂ ಬಿತ್ತು.

ಸಾಹೇಬರು ಅವನ ಕಿವಿ ಹಿಂಡಿದರು. “ಕಳ್ಳ! ಇವಳನ್ನ ನೋಡೋಕೆ ಅಂತಾನೇ ಇದನ್ನ ಆಟೋಮ್ಯಾಟಿಕ್ ಮಾಡ್ದೆ ಬಿಟ್ಟಿದ್ದೆ, ಅಲ್ವಾ?”

“ದೇವರಾಣೆ ಇಲ್ಲ ಸಾರ್! ದಿನಾ ಆಟೋಮ್ಯಾಟಿಕ್ ಮಾಡೇ ಹೋಗ್ತಿದ್ದೆ. ಬೆಳಿಗ್ಗೆ ಬಂದು ನೋಡಿದ್ರೆ ಮತ್ತೆ ಮ್ಯಾನ್ಯುಯಲ್‌ಗೆ ಹಾಕಿರೋದು! ಇವಳೇ ಇರ್ಬೇಕು ಅಂದ್ಕೊಂಡು ಖುಷಿಯಾಗಿ ಸುಮ್ನಿದ್ದೆ.”

“ನಾನಾ?” ಮದುಮಗಳು ಕಣ್ಣರಳಿಸಿದಳು. “ನೀವೇ ಅಂದ್ಕೊಂಡಿದ್ನಲ್ರೀ ನಾನು!”

ಇಬ್ಬರೂ ಮುಖ ಮುಖ ನೋಡಿಕೊಂಡರು. ನಾನು ಮೈಸೂರು ಪಾಕಿನ ತಟ್ಟೆ ಎತ್ತಿಕೊಂಡು ಹಂಚಲು ಹೊರಟೆ. ಮದುವೆಯ ಹಿಂದಿನ ಸಂಜೆಯಾದರೂ ಡೇಟಾಬೇಸ್‌ನ ಆ ಸೆಟ್ಟಿಂಗ್ ಮುಟ್ಟದೆ ಬೀಗ ಹಾಕಬಹುದಿತ್ತು. ಏನು ಮಾಡಲಿ, ಕೈಗೆ ಅಭ್ಯಾಸವಾಗಿಬಿಟ್ಟಿತ್ತು.