ಕೌದಿಯೊಳಗಿನ ನಕ್ಷತ್ರ

"ದುರ್ಗಪ್ಪ ಅನ್ನೋರನ್ನ ಹುಡುಕಾಕ ಹತ್ತೇನ್ರಿ."

ಮಡಿವಾಳೆಪ್ಪನ ಕೈಯಿಂದ ಎಲೆ ಅಡಿಕೆಯ ಚೀಲ ಜಾರಿ ಬಿತ್ತು. ಆ ಹೆಸರು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ನಲವತ್ತೆಂಟು ವರ್ಷದ ಹಿಂದೆ ಪಾಂಡಿಚೇರಿಯ ಬಂದರಿನಲ್ಲಿ ಅದನ್ನು ತಾನೇ ಹೂತು ಬಂದಿದ್ದ. ಹೂತದ್ದು ಇಂದು ಹಾಡುಹಗಲೇ ಎದ್ದು ಮುನವಳ್ಳಿಗೆ ಬಂದಿತ್ತು, ಅದೂ ಅವನ ಪಡಸಾಲೆಗೆ.

ಕೇಳಿದವರು ಮಹಾಂತಪ್ಪ, ಧಾರವಾಡದಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು. ಬೈಲಹೊಂಗಲ, ಕಿತ್ತೂರು, ಸವದತ್ತಿ ಎಲ್ಲ ಸುತ್ತಿ ಬಂದಿದ್ದರು. ಹಿಂದೆ ಮುಂಬೈ ಬಂದರಿನಲ್ಲಿ ದುಡಿದ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಬಸ್ ನಿಲ್ದಾಣದಲ್ಲಿ ವಿಚಾರಿಸಿದರಂತೆ. ಯಾವನೋ ಪುಣ್ಯಾತ್ಮ ಈ ಮನೆ ತೋರಿಸಿದ್ದ.

ಸೊಸೆ ಶೈಲಜಾ ಬಂದವರಿಗೆ ಕೌದಿ ಹಾಸಿದಳು. ಮನೆಯಲ್ಲಿ ಐದು ಕೌದಿ ಇದ್ದವು. ಈ ಹುಡುಗಿಯ ಕೈಗೆ ಇದೇ ಸಿಗಬೇಕೇ?

ಮೂವತ್ತು ವರ್ಷದ ಹಿಂದಿನ ಕೌದಿ ಅದು. ಆ ವರ್ಷ ಅವನು ವಿಷಮಜ್ವರದಲ್ಲಿ ಏಳು ದಿನ ಬಡಬಡಿಸಿದ್ದ. ಎದ್ದವನೇ ಟ್ರಂಕಿನ ತಳದಲ್ಲಿದ್ದ ಬಟ್ಟೆಯೊಂದನ್ನು ಹಳೆಯ ಸೀರೆಗಳ ರಾಶಿಗೆ ತುರುಕಿ, "ಇದನ್ನ ಒಳಪದರಕ್ಕ ಹಾಕು" ಎಂದಿದ್ದ. ಹೆಂಡತಿ ಸೋಮವ್ವ ಯಾಕೆಂದು ಕೇಳಲಿಲ್ಲ. ಹೊಲಿದಳು.

"ಫ್ರೆಂಚರದ್ದೊಂದು ಹಡಗಿನ ಕಂಪನಿ ಇತ್ತರಿ," ಎಂದರು ಮಾಸ್ತರರು, ಆ ಕೌದಿಯ ಮೇಲೆಯೇ ಕೂತು. "ಈಗಿಲ್ಲ. ಅದರ ಬಾವುಟಗಳ ಮ್ಯಾಲೆ ಪುಸ್ತಕ ಬರಿಯಾಕ ಹತ್ತೇನಿ. ಹಾಯಿ ಹಡಗಿನ ಕಾಲಕ್ಕ ಬರೇ ಬಿಳಿ ಅರಿವಿ. ಉಗಿ ಹಡಗು ಬಂದವು, ಎರಡೂ ಕಡೆ ನೀಲಿ ಪಟ್ಟಿ ಬಂತು. ಆಮ್ಯಾಲೆ ನಡುವ ಕೆಂಪು ನಕ್ಷತ್ರ. ನಕ್ಷತ್ರದ್ದು ಹತ್ತೇ ವರ್ಷ ಹಾರಿಸಿದ್ರು. ಇವತ್ತ ಒಂದೂ ಸಿಗವಲ್ದು."

"ಅದಕ್ಕೂ ನೀವು ಕೇಳಿದ ಮನಶ್ಯಾಗೂ ಏನ್ರಿ ಸಂಬಂಧ?" ಸೋಮವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಅಂವ ಈ ಕಡಿಯಂವನ, ಮುಂಬೈದಾಗ ಆ ಕಂಪನಿ ಹಡಗ ಹತ್ತಿ ಕಲ್ಲಿದ್ದಲು ಹಾಕತಿದ್ದ. ಹೊಡಿಲಿಕ್ಕೆ ಬಂದ ಗೋರಾ ಅಧಿಕಾರಿನ ಸಲಿಕಿಲೆ ಹೊಡದ. ಅಧಿಕಾರಿ ಸತ್ತ. ಮರುದಿನ ಪಾಂಡಿಚೇರಿ ದಂಡಿ ಮ್ಯಾಲೆ ದುರ್ಗಪ್ಪನ ಅಂಗಿ ಸಿಕ್ತು, ರಕ್ತಾಗಿತ್ತು. ಹಡಗಿನ ಬಾವುಟನೂ ಇರಲಿಲ್ಲ. ಯಾರೋ ಅಂವನ್ನ ಮುಗಿಸಿ ಬಾವುಟ ಒಯ್ದಾರ ಅಂತ ಕಂಪನಿಯವರು ಬರಕೊಂಡಾರ." ಮಾಸ್ತರರು ಕನ್ನಡಕ ಒರೆಸಿಕೊಂಡರು. "ಬಾವುಟ ಯಾರ ಮನ್ಯಾಗ ಐತೋ, ಅವರಿಗೆ ದುರ್ಗಪ್ಪ ಏನಾದ ಅನ್ನೂದು ಗೊತ್ತಿರತೈತಿ."

ಮಡಿವಾಳೆಪ್ಪ ತನ್ನ ಅಂಗೈ ನೋಡಿಕೊಂಡ. ಆ ಅಂಗಿಯನ್ನು ಮರಳಿನ ಮೇಲೆ ಎಸೆದು, ಬರಿಮೈಗೆ ಬಾವುಟ ಸುತ್ತಿಕೊಂಡ ಕೈ ಇದೇ. ಜೈಲು ಏನು ಮಹಾ, ಎಪ್ಪತ್ತರ ಮುದುಕನಿಗೆ? ಅವನ ಹೆದರಿಕೆಯೆಲ್ಲ ಬಾಗಿಲಲ್ಲಿ ನಿಂತಿತ್ತು. ಕೊಲೆಗಡುಕನ ಜೊತೆ ಬಾಳುವೆ ಮಾಡಿದೆನೆಂದು ಗೊತ್ತಾದರೆ ಸೋಮವ್ವ ಇನ್ನು ಅವನ ಮುಖ ನೋಡುವಳೇ? ಆಕೆ ಎದ್ದು ಹೋದರೆ ಅವನಿಗೆ ಉಳಿಯುವುದೇನು?

ಮಾಸ್ತರರು ಕಾಲು ಮಡಚಿ ಕೂತರು. ಕೌದಿ ಸರಿಯಿತು. ಸವೆದ ಹೊಲಿಗೆ ಬಿಚ್ಚಿದ ಕಡೆ, ಅವರ ಮೊಣಕಾಲ ಪಕ್ಕದಲ್ಲೇ, ಕೆಂಪು ಬಟ್ಟೆಯ ಚೂಪು ತುದಿಯೊಂದು ಇಣುಕಿತು. ಮಡಿವಾಳೆಪ್ಪನ ಕಣ್ಣು ಅಲ್ಲೇ ನಿಂತಿತು.

"ನಿಮ್ಮ ಹೆಸರೇನ್ರಿ, ಯಜಮಾನ್ರ?"

ಅವನು ಬಾಯಿ ತೆರೆಯುವ ಮೊದಲೇ ಸೋಮವ್ವ ಚಹಾದ ತಾಟು ತಂದಳು. ಬೇರೆಲ್ಲೂ ಜಾಗವಿಲ್ಲದವಳಂತೆ ಆ ಕೆಂಪು ತುದಿಯ ಮೇಲೆಯೇ ಇಟ್ಟಳು.

"ಮಡಿವಾಳೆಪ್ಪ ಅಂತರಿ," ಎಂದಳು. "ಬೊಂಬಾಯಿಗೆ ಹೋಗಿದ್ದು ಖರೆ. ಹಡಗ ಹತ್ತಿದವರಲ್ಲ. ಊರಾಗ ಯಾರನ್ನರ ಕೇಳ್ರಿ, ಮಡಿವಾಳೆಪ್ಪ ಅಂದ್ರ ಎಲ್ಲಾರಿಗೂ ಗೊತ್ತು."

"ಮತ್ತ ದುರ್ಗಪ್ಪ?"

"ಆ ಹೆಸರ ಈ ಮನ್ಯಾಗ ಯಾರೂ ತಗೊಳ್ಳೂದಿಲ್ರಿ. ನಮ್ಮ ಅಕ್ಕನ ಊರಾಗ ಕೇಳ್ರಿ, ಅಲ್ಲಿಂದ ಭಾಳ ಮಂದಿ ಬೊಂಬಾಯಿಗೆ ಹೋಗಿದ್ರು."

"ಯಾವ ಊರ್ರಿ ಅದು?"

"ಕಟಕೋಳದ ಆಚೆ ಬರತೈತಲ್ರಿ."

"ರಾಮದುರ್ಗ ಅನ್ರಿ."

"ಹೌದ್ರಿ, ಅದ. ನಾಕಕ್ಕ ಬಸ್ಸೈತಿ."

ಮಾಸ್ತರರು ಚಹಾ ಕುಡಿದು, ಕೈಮುಗಿದು ಹೊರಟರು. ಅವರ ಕೊಡೆ ಓಣಿಯ ತಿರುವಿನಲ್ಲಿ ಮರೆಯಾದ ಮೇಲೆ ಮಡಿವಾಳೆಪ್ಪ ಉಸಿರು ಬಿಟ್ಟ. ಶಿವನೇ, ಬದುಕಿದೆ. ಇವಳಿಗೇನೂ ಗೊತ್ತಾಗಲಿಲ್ಲ.

ಶೈಲಜಾ ನಗುತ್ತಾ ಬಂದು ಕಪ್ಪು-ಬಸಿ ಎತ್ತಿದಳು. "ಅತ್ತಿ, ಏನ್ರಿ ಇವತ್ತ? ಮಾವಾರ ಹೆಸರು ಬಾಯಿತುಂಬ ಹೇಳಿಬಿಟ್ರಿ. ನನ್ನ ಮದವ್ಯಾಗ ಎಲ್ಲಾರೂ ಗಂಟು ಬಿದ್ರೂ ಗಂಡನ ಹೆಸರು ಹೇಳೂ ಒಡಪಿನಾಗ ಸೈತ ಹೇಳಲಿಲ್ಲ. ರೇಷನ್ ಅಂಗಡ್ಯಾಗ ನನ್ನ ಕಡಿಂದ ಹೇಳಸ್ತೀರಿ."

ಸೋಮವ್ವ ಕೌದಿಯನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಸೂಜಿಗೆ ದಾರ ಪೋಣಿಸುತ್ತಿದ್ದಳು. ಸೊಸೆ ಒಳಗೆ ಹೋದಳು. ಮಡಿವಾಳೆಪ್ಪ ಹೆಂಡತಿಯನ್ನೇ ನೋಡಿದ. ಹೌದಲ್ಲ, ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವಳು ಇವಳು.

"ಅಲ್ಲ," ಎಂದ, "ಗಂಡನ ಹೆಸರು ಹಂಗ ಹೇಳಬಹುದೇನ?"

ಸೋಮವ್ವ ಕೆಂಪು ತುದಿಯನ್ನು ಬೆರಳಿಂದ ಒಳಗೆ ದೂಡಿ ಮೊದಲ ಹೊಲಿಗೆ ಹಾಕಿದಳು. "ಗಂಡನ ಹೆಸರು ನಾ ಎಲ್ಲಿ ಹೇಳಿದೆ? ಜ್ವರದಾಗ ನೀವು ಅದನ್ನ ಬಡಬಡಿಸಿದ ದಿನದಿಂದ, ಅಕ್ಕನ ಊರಿನ ಹೆಸರನ್ನೂ ನಾ ಬಾಯಾಗ ತಂದಿಲ್ಲ."