ದಾಸಯ್ಯನವರ ಇಂಜಿನ್ನಿನ ಹೊಗೆ

ಇಂಜಿನ್ನಿನ ಹೊಟ್ಟೆ ಬಿಚ್ಚಿದಾಗ ಹೊಗೆಕೊಳವೆಯಲ್ಲಿ ಜೇಡವೊಂದು ಸಂಸಾರ ಹೂಡಿತ್ತು.

ವೀರಭದ್ರಯ್ಯನಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ತುಮಕೂರಿನ ಬಟವಾಡಿ ಬಡಾವಣೆಯ ಈ ರೇಡಿಯೋ ರಿಪೇರಿಯವನ ಬುದ್ಧಿ ಎಷ್ಟು ಚುರುಕೆಂದರೆ, ಅವನನ್ನೇ ಬಿಟ್ಟು ಎರಡು ಫರ್ಲಾಂಗು ಮುಂದೆ ಓಡುತ್ತಿತ್ತು. ಆ ವೀರಭದ್ರಯ್ಯ ನಾನೇ. ‘ನಾನು ನಾನು’ ಎಂದರೆ ಜಂಬವೆನ್ನುತ್ತೀರಿ. ಅದಕ್ಕೇ ಹೆಸರು ಹಿಡಿದು ಹೊಗಳಿಕೊಳ್ಳುತ್ತಿದ್ದೇನೆ.

ಎಪ್ಪತ್ತೆಂಟನೇ ಇಸವಿ. ಇಂಜಿನ್ನೆಂದರೆ ಗೇಣುದ್ದದ ಜರ್ಮನಿ ಆಟಿಕೆ. ರೈಲ್ವೆ ಗಾರ್ಡ್ ದಾಸಯ್ಯನವರು ರಿಟೈರಾದಾಗ ಯಾರೋ ಸಾಹೇಬರು ಕೊಟ್ಟದ್ದು. ಕರೆಂಟು ಕೊಟ್ಟರೆ ಹಳಿಯ ಮೇಲೆ ಓಡುತ್ತದೆ. ಕೊಳವೆಯೊಳಗೆ ಕೂದಲಿನಂಥ ತಂತಿ. ಅದು ಕಾದರೆ ನಾಲ್ಕು ಹನಿ ಎಣ್ಣೆ ಹೊಗೆಯಾಗಬೇಕು.

ಸೆರಗಿನಲ್ಲಿ ಮುಚ್ಚಿ ತಂದವರು ಅವರ ಹೆಂಡತಿ ಹೊಂಬಾಳಮ್ಮ.

“ಅವ್ರು ಗುಬ್ಬಿಗೆ ಹೋಗವ್ರೆ ಕಣಪ್ಪ. ಧೂಳು ಒರೆಸಾಣ ಅಂತ ಕೋಣೆಗೆ ಹೋಗಿ ಸ್ವಿಚ್ ಹಾಕ್ದೆ. ಓಡ್ತು, ಒಂದೆಳೆ ಹೊಗೆ ಇಲ್ಲ! ಅವ್ರು ಬಾಗ್ಲು ಹಾಕ್ಕೊಂಡು ಓಡ್ಸಿದ್ರೆ ಕಿಟಕೀಲಿ ಮೋಡ ಎದ್ದಂಗೆ ಏಳ್ತದೆ, ಘಾಟು ಅಡುಗೆಮನೆಗೂ ಬರ್ತದೆ. ‘ಇಂಜಿನ್ ಅಂದ್ರೆ ಹಿಂಗೇ ಕಣೇ’ ಅಂತಾರೆ. ನನ್ನ ಕೈ ತಾಕಿ ಕೆಟ್ಟೋಯ್ತು.” ಅವರ ಕಣ್ಣು ತುಂಬಿತು. “ಅವ್ರಿಗಿರೋದು ಅದೊಂದೇ ಸುಖ.”

ವೀರಭದ್ರಯ್ಯ ಎದೆ ತಟ್ಟಿಕೊಂಡ. ಎದುರಿನ ಟೀ ಅಂಗಡಿಯವರಿಗೆಲ್ಲ ಕೇಳುವಂತೆ ಕೂಗಿದ: “ಹೊಗೆ ಬರ್ಲಿಲ್ಲ ಅಂದ್ರೆ ಬೋರ್ಡ್ ಕಿತ್ತಾಕಿ ಕುಣಿಗಲ್ಲಿಗೆ ಹೋಗ್ತೀನಿ, ನಮ್ಮ ಮಾವನ ಅಂಗಡೀಲಿ ಬೆಲ್ಲ ತೂಗ್ತೀನಿ!”

ಮಾವ ಏಳು ವರ್ಷದಿಂದ ಒಂದು ಮಣೆ ಖಾಲಿ ಇಟ್ಟುಕೊಂಡು ಅದನ್ನೇ ಕಾಯುತ್ತಿದ್ದರು.

ಒಳಗೆ ತಂತಿ ತುಂಡಾಗಿತ್ತು. ಕರೆಂಟ್ ಒಲೆಯ ಕಾಯಿಲ್ಲಿನ ಎಳೆ ಸುತ್ತಿದ. ಅಂಗಡಿಯ ಫ್ಯೂಸು ಹೋಯಿತು. ಕೊಬ್ಬರಿ ಎಣ್ಣೆ ಬಿಟ್ಟ. ಹೊಗೆಯ ಬದಲು ಬೆಂಕಿ ಬಂದು ಮೀಸೆಯ ಎಡಭಾಗ ಹೋಯಿತು. ಉಳಿದರ್ಧ ಮೀಸೆಯನ್ನೇ ತಿರುವುತ್ತ ಔಷಧಿ ಅಂಗಡಿಗೆ ನಡೆದು, ಮಲಬದ್ಧತೆಗೆ ಕುಡಿಸುವ ಪ್ಯಾರಾಫಿನ್ ಎಣ್ಣೆ ತಂದ. ಜರ್ಮನಿಯವರಿಗೂ ಹೊಳೆಯದ ಉಪಾಯ!

ಅಷ್ಟರಲ್ಲಿ ಗುಬ್ಬಿಯಿಂದ ಮರಳಿ ಸುದ್ದಿ ಕೇಳಿದ ದಾಸಯ್ಯನವರು ಏದುಸಿರು ಬಿಡುತ್ತ ಬಂದರು.

“ವೀರಭದ್ರಾ, ಅದು ಕೆಟ್ಟಿಲ್ಲ. ಹಂಗೇ ಕೊಟ್ಬುಡಯ್ಯ.”

“ತಂತೀನೇ ತುಂಡಾಗಿತ್ತು ಸ್ವಾಮಿ!”

“ಇರ್ಲಿ ಬುಡು. ನನ್ನ ಕೈಯಲ್ಲಿ ಹೊಗೆ ಬರ್ತದೆ.”

“ನಿಮ್ಮ ಕೈಯಲ್ಲಿ ಬರೋದು ಈ ವೀರಭದ್ರನ ಕೈಯಲ್ಲಿ ಬರಲ್ವಾ?”

“ರಿಪೇರಿ ಆಗಲ್ಲ ಅಂತ ಅವಳಿಗೊಂದು ಮಾತು ಹೇಳು. ನಿನ್ನ ದಮ್ಮಯ್ಯ.”

ಓಹೋ, ಒಳಗೆ ಬಂಗಾರ ಬಚ್ಚಿಟ್ಟಿದ್ದಾರೆ! ಪತ್ತೇದಾರ ವೀರಭದ್ರಯ್ಯ ಅವರನ್ನು ಸಾಗಹಾಕಿ ಇಂಜಿನ್ನಿನ ಮೂಳೆ ಮೂಳೆ ಬಿಡಿಸಿದ. ಬಂಗಾರ ಸಿಗಲಿಲ್ಲ. ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಹೆಚ್ಚಿಗೆ ಸಿಕ್ಕವು.

ಸಂಜೆ ದಾಸಯ್ಯನವರ ನಡುಮನೆಯಲ್ಲಿ ಅರ್ಧ ತುಮಕೂರು ಸೇರಿತ್ತು. ಅಂದರೆ ಒಂಬತ್ತು ಜನ. ಸ್ವಿಚ್ ಬಿತ್ತು. ಇಂಜಿನ್ನು ಒಂದು ಸುತ್ತು ಹೊಡೆಯಿತು, ಕೆಮ್ಮಿತು, ಆಮೇಲೆ ಮಲ್ಲಿಗೆಯಷ್ಟು ಬಿಳಿ ಹೊಗೆ ಉಂಗುರ ಉಂಗುರವಾಗಿ ಎದ್ದಿತು. ಚಪ್ಪಾಳೆ! ವೀರಭದ್ರಯ್ಯನ ಬೋರ್ಡು ಉಳಿಯಿತು. ಅವನು ಹಾರಕ್ಕೆಂದು ಕತ್ತು ಕೂಡ ಬಗ್ಗಿಸಿದ.

ಹಾರ ಬರಲಿಲ್ಲ. ಹೊಂಬಾಳಮ್ಮ ಬಗ್ಗಿ ಹೊಗೆಗೆ ಮೂಗೊಡ್ಡಿದರು. ಉಸಿರೆಳೆದರು. ಇನ್ನೊಮ್ಮೆ ಎಳೆದರು. ನೆಟ್ಟಗೆ ನಿಂತು ಗಂಡನಿಗಾಗಿ ಸುತ್ತ ನೋಡಿದರು. ದಾಸಯ್ಯನವರು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು.

“ಇದಕ್ಕೆ ವಾಸ್ನೇನೇ ಇಲ್ವಲ್ಲ! ಏನ್ರೀ, ನೀವು ಆಣೆ ಮಾಡಿ ಬಿಟ್ಟ ಬೀಡೀನ ಇಷ್ಟು ವರ್ಷ ಈ ಇಂಜಿನ್ನು ಸೇದ್ತಿತ್ತಾ?”